ಚರಿತ್ರೆಯಿಲ್ಲದ ಸಂತರು, ಚರಿತ್ರೆಯುಳ್ಳ ಸಂತರು: ಫಿಲೋಮಿನಾರಿಂದ ಜೋಸೆಫ್ ವಾಜ್‌ರವರೆಗೆ ಒಂದು ಚರ್ಚೆ

ಸಂಪಿಗೆ ಬರೆದದ್ದು:

ನಮ್ಮ ಧರ್ಮಕೇಂದ್ರದ ಸಂಚಿಕೆಗಾಗಿ ಕೆಲವು ಸಂತರ ಬದುಕನ್ನು ಕುರಿತು ಕನ್ನಡದಲ್ಲಿ ಕಿರುಬರಹಗಳನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲಿದೆ. ಮೈಸೂರಿನಲ್ಲಿ ಬೆಳೆದವಳಾದ್ದರಿಂದ ಮೊದಲ ಬರಹ ಸಂತ ಫಿಲೋಮಿನಾ ಅವರನ್ನು ಕುರಿತೇ ಇರಲಿ ಎಂದುಕೊಂಡೆ. ಭಕ್ತರ ಕೈಯಲ್ಲಿ ಓಡಾಡುವ ಕಿರುಹೊತ್ತಿಗೆಗಳಲ್ಲಿ ಅವರ ಕಥೆ ವಿವರವಾಗಿಯೇ ಇದೆ. ಆಕೆ ಗ್ರೀಸ್ ದೇಶದ ಅರಸನೊಬ್ಬನ ಮಗಳು; ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಆಕೆಯನ್ನು ಮದುವೆಯಾಗಲು ಬಯಸಿದ; ದೇವರಿಗೆ ತನ್ನನ್ನು ಅರ್ಪಿಸಿಕೊಂಡಿದ್ದ ಹದಿಮೂರರ ಹುಡುಗಿ ಒಪ್ಪಲಿಲ್ಲ; ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರೂ, ಬಾಣಗಳಿಂದ ಹೊಡೆದರೂ ಸಾಯದಿದ್ದಾಗ ಕೊನೆಗೆ ಶಿರಚ್ಛೇದ ಮಾಡಿಸಿದ. ಇದೇ ಆಕೆಯ ಹೆಸರನ್ನು 1961ರಲ್ಲಿ ರೋಮ್ ಪೂಜಾ ಪಂಚಾಂಗಗಳಿಂದ, ಎಂದರೆ ಧರ್ಮಸಭೆಯ ಹಬ್ಬಗಳ ಪಟ್ಟಿಗಳಿಂದ, ತೆಗೆಸಿತು ಎಂದೂ ಬೇರೆ ಕಡೆ ಓದಿದೆ.

ಆಕೆ ಸಂತಳೇ ಅಲ್ಲವೆಂದಾದರೆ ಮೈಸೂರಿನ ಆ ಮಹಾದೇವಾಲಯದಲ್ಲಿ ದಿನವೂ ಮೊಂಬತ್ತಿ ಹಚ್ಚಿ ಮೊರೆಯಿಡುವವರು ಯಾರಿಗೆ ಮೊರೆಯಿಡುತ್ತಿದ್ದಾರೆ? ಸಂತಳು ಹೌದೆಂದಾದರೆ ಪಂಚಾಂಗದಿಂದ ತೆಗೆದದ್ದು ಏಕೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಭಕ್ತಿಗೆ ನೋವಾಗದಂತೆ, ಹಾಗೆಯೇ ಸುಳ್ಳೂ ಆಗದಂತೆ ಬರೆಯಬೇಕೆಂಬುದು ನನ್ನ ಆಸೆ.

ಹಳೆಯ ಕಡತ ಬರೆದದ್ದು:

ಸಂಪಿಗೆ ಅವರೇ, ಮೊದಲು ನಮಗೆ ಖಚಿತವಾಗಿ ತಿಳಿದಿರುವುದು ಎಷ್ಟು ಎಂಬುದನ್ನು ಬೇರ್ಪಡಿಸಿಕೊಳ್ಳೋಣ.

1802ರ ಮೇ ತಿಂಗಳಲ್ಲಿ ರೋಮಿನ ಸಲಾರಿಯಾ ಹೆದ್ದಾರಿಯ ಬಳಿಯಿರುವ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ ಒಂದು ಗೂಡು ಪತ್ತೆಯಾಯಿತು. ಅದರ ಬಾಯನ್ನು ಮೂರು ಸುಟ್ಟಮಣ್ಣಿನ ಹಲಗೆಗಳಿಂದ ಮುಚ್ಚಲಾಗಿತ್ತು. ಹಲಗೆಗಳ ಮೇಲೆ ಕೆಂಪು ಬಣ್ಣದ ಅಕ್ಷರಗಳಿದ್ದವು. ಲಂಗರು, ಬಾಣ, ತಾಳೆಗರಿಯಂತಹ ಚಿತ್ರಗಳಿದ್ದವು. ಇದ್ದ ಕ್ರಮದಲ್ಲಿ ಓದಿದರೆ ಅಕ್ಷರಗಳಿಗೆ ಅರ್ಥವಾಗುತ್ತಿರಲಿಲ್ಲ. ಮೊದಲ ಹಲಗೆಯನ್ನು ಕೊನೆಗೆ ಇಟ್ಟು ಓದಿದಾಗ, ಫಿಲೋಮಿನಾ ಎಂಬಾಕೆಗೆ ಶಾಂತಿಯನ್ನು ಕೋರುವ ಲ್ಯಾಟಿನ್ ಸಾಲು ದೊರೆಯಿತು. ಒಳಗಿದ್ದ ಎಲುಬುಗಳು ಹದಿಹರೆಯ ಮುಟ್ಟಿದ ಹುಡುಗಿಯದೆಂದು ಅಂದಿನವರು ನಿರ್ಣಯಿಸಿದರು. ಗಾಜಿನ ಪುಟ್ಟ ಪಾತ್ರೆಯೊಂದರ ಚೂರುಗಳೂ ಸಿಕ್ಕಿದವು. ಅಂತಹ ಪಾತ್ರೆಯಲ್ಲಿ ರಕ್ತಸಾಕ್ಷಿಯ (ವಿಶ್ವಾಸಕ್ಕಾಗಿ ಪ್ರಾಣಕೊಟ್ಟವರ) ರಕ್ತವನ್ನು ಇಡುತ್ತಿದ್ದರೆಂದು ಆ ಕಾಲದಲ್ಲಿ ನಂಬಿದ್ದರು. ಭೂಮಿಯಿಂದ ಮೇಲೆ ಬಂದ ಪುರಾವೆ ಇಷ್ಟೇ. ತಂದೆ ಯಾರು, ಊರು ಯಾವುದು, ಯಾವ ಅರಸನ ಕಾಲ, ಸಾವು ಹೇಗಾಯಿತು ಎಂಬುದಕ್ಕೆ ಒಂದು ಅಕ್ಷರದ ಆಧಾರವೂ ಅಲ್ಲಿರಲಿಲ್ಲ.

1805ರಲ್ಲಿ ಈ ಎಲುಬುಗಳು ನೇಪಲ್ಸ್ ಸೀಮೆಯ ಮುಗ್ನಾನೊ ಎಂಬ ಊರಿನ ದೇವಾಲಯಕ್ಕೆ ಹೋದವು. ಅಲ್ಲಿ ರೋಗಿಗಳು ಗುಣಮುಖರಾಗುತ್ತಿದ್ದಾರೆಂಬ ಸುದ್ದಿ ಹಬ್ಬಿತು. ನೀವು ಹೇಳಿದ ರಾಜಕುಮಾರಿಯ ಕಥೆ ಬಂದದ್ದು 1833ರಲ್ಲಿ, ನೇಪಲ್ಸಿನ ಕನ್ಯಾಸ್ತ್ರೀಯೊಬ್ಬರು ತಮಗೆ ಆಯಿತೆಂದು ತಿಳಿಸಿದ ದರ್ಶನಗಳಿಂದ. ಎಂದರೆ ನಾವು ಜೀವನಚರಿತ್ರೆಯೆಂದು ಓದುತ್ತಿರುವುದು ಸಮಾಧಿ ತೆರೆದು ಮೂವತ್ತು ವರ್ಷಗಳಾದ ಮೇಲೆ ಹುಟ್ಟಿದ ಖಾಸಗಿ ದರ್ಶನ. ಹಲಗೆಯ ಮೇಲಿದ್ದ ಲಂಗರು ಮತ್ತು ಬಾಣಗಳೇ ಕಥೆಯಲ್ಲಿ ಚಿತ್ರಹಿಂಸೆಯ ಸಾಧನಗಳಾಗಿ ಬಂದಿರುವುದನ್ನು ಗಮನಿಸಿ. ಆದಿ ಕ್ರೈಸ್ತರ ಸಮಾಧಿಗಳಲ್ಲಿ ಲಂಗರು ಭರವಸೆಯ ಚಿಹ್ನೆಯಾಗಿ ಎಲ್ಲೆಲ್ಲೂ ಕಾಣಿಸುತ್ತದೆ. ಅದಕ್ಕೂ ಸತ್ತ ಬಗೆಗೂ ಸಂಬಂಧವಿಲ್ಲ.

1835ರಲ್ಲಿ ಲಿಯೋನ್ ನಗರದ ಪೋಲಿನ್ ಜಾರಿಕೋ, ಸಾವಿನ ಅಂಚಿನಲ್ಲಿದ್ದವರು, ಮುಗ್ನಾನೊಗೆ ಹೋಗಿ ಗುಣವಾಗಿ ಮರಳಿದರು. ಮಿಷನ್ ಕಾರ್ಯಕ್ಕಾಗಿ ಜನಸಾಮಾನ್ಯರಿಂದ ಕಿರುಕಾಣಿಕೆ ಸಂಗ್ರಹಿಸುವ ಸಂಘವನ್ನು 1822ರಲ್ಲಿ ಕಟ್ಟಿದ ಪ್ರಸಿದ್ಧ ಮಹಿಳೆ ಅವರು. ಆದ್ದರಿಂದ ಸುದ್ದಿ ಯುರೋಪಿನಾದ್ಯಂತ ಹರಡಿತು. 1837ರಲ್ಲಿ ಜಗದ್ಗುರು (ಪೋಪ್) ಹದಿನಾರನೆಯ ಗ್ರೆಗೊರಿ ಫಿಲೋಮಿನಾ ಹೆಸರಿನಲ್ಲಿ ಪೂಜಾವಿಧಿಗೆ ಅನುಮತಿಯಿತ್ತರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುರಾತತ್ತ್ವಜ್ಞ ಒರಾಜಿಯೊ ಮರುಕ್ಕಿ ಬೇರೆಯದೇ ವಿವರಣೆ ಕೊಟ್ಟರು: ಹಲಗೆಗಳು ಕ್ರಮ ತಪ್ಪಿರುವುದು ಅಚಾತುರ್ಯದಿಂದಲ್ಲ, ಹಳೆಯ ಗೋರಿಯೊಂದರ ಹಲಗೆಗಳನ್ನು ಮುಂದಿನ ಕಾಲದವರು ಬೇರೊಬ್ಬರ ಗೋರಿಗೆ ಮತ್ತೆ ಬಳಸುವಾಗ ಬರಹವನ್ನು ಬೇಕೆಂದೇ ಹಿಂದುಮುಂದು ಮಾಡುತ್ತಿದ್ದರು. ಇದು ನಿಜವಾದರೆ ಆ ಹೆಸರೂ ಆ ಎಲುಬುಗಳೂ ಒಬ್ಬಳಿಗೇ ಸೇರಿದವಲ್ಲ. ಈ ವಾದವನ್ನು ಒಪ್ಪದವರೂ ಇದ್ದಾರೆ. ಆದರೆ 1961ರ ಫೆಬ್ರವರಿ 14ರಂದು ರೋಮಿನ ವಿಧಿಗಳ ಪರಿಷತ್ತು ಆಕೆಯ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯಲು ಹೇಳಿದ್ದು ಚಾರಿತ್ರಿಕ ಆಧಾರದ ಈ ಕೊರತೆಯ ಹಿನ್ನೆಲೆಯಲ್ಲಿ.

ಮೈಸೂರಿಗೆ ಸಂಬಂಧಿಸಿದ ಒಂದು ಕಾಲಾನುಕ್ರಮವನ್ನೂ ನೀವು ಬರೆಯಬಹುದು. ಆಕೆಯ ಅವಶೇಷದ ತುಣುಕು 1926ರಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರ ಮೂಲಕ ಮೈಸೂರಿಗೆ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ದೇವಾಲಯಕ್ಕೆ ಅಸ್ತಿಭಾರವಿಟ್ಟರು. ಮರುಕ್ಕಿಯವರ ಸಂಶಯ ಆ ಹೊತ್ತಿಗಾಗಲೇ ಪ್ರಕಟವಾಗಿತ್ತು. 175 ಅಡಿಯ ಆ ಜೋಡಿ ಗೋಪುರಗಳು ಎದ್ದದ್ದು ವಿದ್ವಾಂಸರ ಸಂಶಯವನ್ನು ಗೆದ್ದೂ ಅಲ್ಲ, ಲೆಕ್ಕಿಸದೆಯೂ ಅಲ್ಲ. ಭಕ್ತಿ ಮತ್ತು ಪುರಾತತ್ತ್ವ ಆ ದಿನಗಳಲ್ಲಿ ಒಂದನ್ನೊಂದು ಮುಖಾಮುಖಿಯಾಗದೆ ನಡೆಯುತ್ತಿದ್ದವು.

ಬಲ್ಮಠದ ಓದುಗ ಬರೆದದ್ದು:

ನಾನು ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಪರಂಪರೆಯ ಕುಟುಂಬದವನು. ನಮ್ಮ ದೇವಾಲಯಗಳಲ್ಲಿ ಸಂತರ ಪ್ರತಿಮೆಗಳಿಲ್ಲ, ಸಂತರಿಗೆ ಮೊರೆಯಿಡುವ ರೂಢಿಯೂ ಇಲ್ಲ. ಈ ಚರ್ಚೆಯಲ್ಲಿ ನಮ್ಮ ನಿಲುವನ್ನು ಯಾರಾದರೂ ಹೇಳಬೇಕೆಂದು ಬರೆಯುತ್ತಿದ್ದೇನೆ, ವಾದಕ್ಕೆ ಅಲ್ಲ.

ಸುಧಾರಣೆಯ ಪಂಥದವರು, ಎಂದರೆ ಪ್ರೊಟೆಸ್ಟಂಟರು, ಸಂತರನ್ನು ಪೂರ್ತಿ ತಳ್ಳಿಹಾಕಿದರೆಂಬುದು ತಪ್ಪು ತಿಳಿವಳಿಕೆ. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ ಇಪ್ಪತ್ತೊಂದನೆಯ ವಿಧಿ ಎರಡು ಮಾತುಗಳನ್ನು ಹೇಳುತ್ತದೆ. ಸಂತರ ನೆನಪನ್ನು ಜನರ ಮುಂದಿಡಬಹುದು, ಅವರ ವಿಶ್ವಾಸವನ್ನೂ ಸತ್ಕಾರ್ಯಗಳನ್ನೂ ನಾವು ಅನುಸರಿಸುವುದಕ್ಕಾಗಿ. ಆದರೆ ಅವರಲ್ಲಿ ಮೊರೆಯಿಡುವುದನ್ನು ಪವಿತ್ರ ಗ್ರಂಥ ಕಲಿಸುವುದಿಲ್ಲ, ಏಕೆಂದರೆ ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥನು ಕ್ರಿಸ್ತನೊಬ್ಬನೇ. ಪೌಲನ ಪತ್ರಗಳಲ್ಲಿ ಕೊರಿಂಥದಂತಹ ಜಗಳಗಂಟ ಸಭೆಯ ಎಲ್ಲರನ್ನೂ ಪವಿತ್ರರೆಂದೇ ಸಂಬೋಧಿಸಲಾಗಿದೆ; ಅಲ್ಲಿ ಸಂತರೆಂಬುದು ಕೆಲವರಿಗೆ ಮೀಸಲಾದ ಎತ್ತರದ ಪೀಠವಲ್ಲ.

ಆದ್ದರಿಂದ ಫಿಲೋಮಿನಾ ವಿಷಯದಲ್ಲಿ ನನಗೆ ಕಾಣುವ ತೊಡಕು ಇದು. ಬದುಕೇ ತಿಳಿಯದವರನ್ನು ಅನುಸರಿಸುವುದು ಹೇಗೆ? ಅನುಸರಿಸಲು ಏನೂ ಇಲ್ಲದಿದ್ದಾಗ ಉಳಿಯುವುದು ಕೋರಿಕೆ ಮಾತ್ರ. ಸಂತರ ಗೌರವ ಕೋರಿಕೆಯಷ್ಟಕ್ಕೇ ಇಳಿದುಬಿಡುವ ಅಪಾಯವನ್ನೇ ನಮ್ಮ ಹಿರಿಯರು ಹದಿನಾರನೆಯ ಶತಮಾನದಲ್ಲಿ ಎತ್ತಿ ತೋರಿಸಿದ್ದು.

ಧರ್ಮೋಪದೇಶಿ ಬರೆದದ್ದು:

ಬಲ್ಮಠದ ಓದುಗರ ಪ್ರಶ್ನೆ ನ್ಯಾಯವಾದದ್ದು. ಉತ್ತರಿಸುವ ಮುನ್ನ, ಕಥೋಲಿಕ ಧರ್ಮಸಭೆ ಒಬ್ಬರನ್ನು ಸಂತರೆಂದು ಸಾರುವಾಗ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಸುತ್ತೇನೆ. ಹಲವು ವರ್ಷಗಳಿಂದ ಮಕ್ಕಳಿಗೆ ಧರ್ಮೋಪದೇಶ ಮಾಡುವಾಗ ಅತಿ ಹೆಚ್ಚು ಗೊಂದಲ ಕಂಡದ್ದು ಇಲ್ಲಿಯೇ.

ಘೋಷಣೆಯ ತಿರುಳು ಒಂದೇ ಮಾತು: ಈ ವ್ಯಕ್ತಿ ದೇವರ ಸನ್ನಿಧಿಯಲ್ಲಿದ್ದಾರೆ, ಇವರನ್ನು ಇಡೀ ಧರ್ಮಸಭೆ ಗೌರವಿಸಬಹುದು. ಆ ವ್ಯಕ್ತಿ ತಪ್ಪೇ ಮಾಡಲಿಲ್ಲವೆಂದಾಗಲಿ, ಅವರ ಪ್ರತಿಯೊಂದು ಮಾತೂ ಪ್ರಮಾಣವೆಂದಾಗಲಿ, ಅವರ ಕುರಿತ ಪ್ರತಿ ಕಥೆಯೂ ನಡೆದದ್ದೆಂದಾಗಲಿ ಆ ಘೋಷಣೆ ಹೇಳುವುದಿಲ್ಲ. ಘೋಷಣೆಯಿಂದ ಯಾರೂ ಸಂತರಾಗುವುದೂ ಇಲ್ಲ. ಮೊದಲೇ ಆಗಿರುವುದನ್ನು ಧರ್ಮಸಭೆ ಗುರುತಿಸುತ್ತದೆ. ಗುರುತಿಸದೆ ಉಳಿದವರು ಎಣಿಕೆಗೆ ಸಿಗದಷ್ಟಿದ್ದಾರೆಂದು ನಂಬಿಯೇ ನವೆಂಬರ್ 1ರಂದು ಸಕಲ ಸಂತರ ಹಬ್ಬವನ್ನು ಆಚರಿಸುತ್ತೇವೆ. ಇಂಥವರು ನರಕದಲ್ಲಿದ್ದಾರೆಂದು ಧರ್ಮಸಭೆ ಯಾರನ್ನೂ ಹೆಸರಿಸಿ ಘೋಷಿಸಿಲ್ಲ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಮೊದಲ ಶತಮಾನಗಳಲ್ಲಿ ವಿಚಾರಣೆ, ಕಡತ ಯಾವುದೂ ಇರಲಿಲ್ಲ. ಎರಡನೆಯ ಶತಮಾನದಲ್ಲಿ ಸ್ಮಿರ್ನಾದ ವೃದ್ಧ ಧರ್ಮಾಧ್ಯಕ್ಷ (ಬಿಷಪ್) ಪೊಲಿಕಾರ್ಪರನ್ನು ಸುಟ್ಟು ಕೊಂದಾಗ ಅಲ್ಲಿನ ವಿಶ್ವಾಸಿಗಳು ಎಲುಬುಗಳನ್ನು ಆಯ್ದು ಇಟ್ಟು, ಅವರು ಪ್ರಾಣಕೊಟ್ಟ ದಿನವನ್ನು ಜನ್ಮದಿನವೆಂದು ವರ್ಷವೂ ಕೂಡಿ ನೆನೆಯಲು ನಿಶ್ಚಯಿಸಿದರು. ಸಂತರ ಗೌರವ ಶುರುವಾದದ್ದು ಹೀಗೆ, ತಾವು ಕಣ್ಣಾರೆ ಬಲ್ಲವರ ಗೋರಿಯ ಸುತ್ತ. ಹಿಂಸೆಯ ಕಾಲ ಮುಗಿದ ಮೇಲೆ ತೂರ್ ನಗರದ ಮಾರ್ಟಿನರಂತೆ ರಕ್ತ ಚೆಲ್ಲದೆ ಬಾಳಿ ಸತ್ತವರಿಗೂ ಅದೇ ಗೌರವ ಸಂದಿತು. ಊರ ಜನ ಕೊಂಡಾಡಿದರು, ಧರ್ಮಾಧ್ಯಕ್ಷರು ಒಪ್ಪಿದರು, ಅಷ್ಟೇ. ಜಗದ್ಗುರುಗಳೇ ವಿಧಿವತ್ತಾಗಿ ಘೋಷಿಸಿದ ಮೊದಲ ದಾಖಲಿತ ಪ್ರಸಂಗ 993ರದು, ಆಗ್ಸ್‌ಬರ್ಗಿನ ಉಲ್ರಿಕ್ ಅವರದು. 1234ರ ನಿಯಮಾವಳಿ ಈ ಅಧಿಕಾರವನ್ನು ರೋಮಿಗೆ ಮೀಸಲಿಟ್ಟಿತು. 1588ರಲ್ಲಿ ಪೂಜಾವಿಧಿಗಳ ಜೊತೆಗೆ ಇದನ್ನೂ ನೋಡಿಕೊಳ್ಳುವ ಒಂದು ಪರಿಷತ್ತು ಬಂತು. ಜಗದ್ಗುರು ಎಂಟನೆಯ ಅರ್ಬನ್ ಇನ್ನೂ ಬಿಗಿ ಮಾಡಿ, ರೋಮಿನ ಒಪ್ಪಿಗೆಗೆ ಮುಂಚೆ ಯಾರಿಗೂ ಸಾರ್ವಜನಿಕ ಪೂಜೆ ಸಲ್ಲಿಸಬಾರದೆಂದರು.

ಈಗಿರುವ ಕ್ರಮ 1983ರಲ್ಲಿ ಎರಡನೆಯ ಜಾನ್ ಪಾಲ್ ರೂಪಿಸಿದ್ದು. ವ್ಯಕ್ತಿ ತೀರಿಕೊಂಡು ಸಾಮಾನ್ಯವಾಗಿ ಐದು ವರ್ಷಗಳಾದ ಮೇಲೆ ಸ್ಥಳೀಯ ಧರ್ಮಾಧ್ಯಕ್ಷರು ವಿಚಾರಣೆ ಆರಂಭಿಸುತ್ತಾರೆ. ಆಗ ಅವರು ‘ದೇವರ ಸೇವಕ’. ಬರಹಗಳನ್ನೂ ಸಾಕ್ಷ್ಯಗಳನ್ನೂ ತೂಗಿ ನೋಡಿ, ಸದ್ಗುಣಗಳನ್ನು ಅಸಾಧಾರಣ ಮಟ್ಟದಲ್ಲಿ ಬಾಳಿದರೆಂದು ಕಂಡರೆ ‘ಪೂಜ್ಯ’. ಅವರ ಪ್ರಾರ್ಥನಾ ನೆರವಿನಿಂದ ಆದ ಒಂದು ಪವಾಡ ದೃಢಪಟ್ಟರೆ ‘ಧನ್ಯ’, ಆ ಮೇಲೆ ಇನ್ನೊಂದು ನಡೆದರೆ ‘ಸಂತ’. ವಿಶ್ವಾಸಕ್ಕಾಗಿ ಪ್ರಾಣಕೊಟ್ಟವರಿಗೆ ಧನ್ಯರಾಗಲು ಪವಾಡ ಬೇಕಿಲ್ಲ. 2017ರಲ್ಲಿ ಜಗದ್ಗುರು ಫ್ರಾನ್ಸಿಸ್, ಪರರಿಗಾಗಿ ತಿಳಿದೂ ಪ್ರಾಣವನ್ನು ಒಪ್ಪಿಸಿದವರಿಗೆ ಪ್ರತ್ಯೇಕ ದಾರಿಯನ್ನು ತೆರೆದರು.

ಫಿಲೋಮಿನಾ ಈ ದಾರಿಯಲ್ಲಿ ಬಂದವರಲ್ಲ. ಅವರಿಗೆ ದೊರೆತದ್ದು ಪೂಜಾವಿಧಿಯ ಅನುಮತಿ. ಸಂತ ಪದವಿಯ ವಿಚಾರಣೆಯಾಗಲಿ ಘೋಷಣೆಯಾಗಲಿ ನಡೆಯಲಿಲ್ಲ, ರೋಮಿನ ರಕ್ತಸಾಕ್ಷಿಗಳ ಅಧಿಕೃತ ಪಟ್ಟಿಯಲ್ಲಿ ಅವರ ಹೆಸರು ಎಂದೂ ಇರಲಿಲ್ಲ. 1961ರಲ್ಲಿ ಹಿಂದೆಗೆದುಕೊಂಡದ್ದು ಆ ಅನುಮತಿಯನ್ನು. ಖಾಸಗಿ ಭಕ್ತಿಯನ್ನು ನಿಷೇಧಿಸಲಿಲ್ಲ, ಅವರ ಹೆಸರಿನ ದೇವಾಲಯಗಳನ್ನು ಮುಚ್ಚಿಸಲಿಲ್ಲ. ಮೈಸೂರಿನದರ ಪೂರ್ಣ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಇನ್ನು ಅನುಸರಣೆಯ ಪ್ರಶ್ನೆ. ಹೆಸರೂ ಉಳಿಯದ ಸಾವಿರಾರು ಹುಡುಗಿಯರು ಆ ನೆಲಮಾಳಿಗೆಗಳಲ್ಲಿ ಮಲಗಿದ್ದಾರೆ. ಅವರಲ್ಲಿ ಒಬ್ಬಳು ಗೋರಿಯ ಮೇಲೆ ಭರವಸೆಯ ಲಂಗರನ್ನು ಬರೆಸಿಕೊಂಡು ಸತ್ತಳು ಎಂಬಷ್ಟನ್ನು ನಂಬಲು ನನಗೆ ರಾಜಕುಮಾರಿಯ ಕಥೆ ಬೇಕಿಲ್ಲ. ನಮ್ಮ ಮಕ್ಕಳಿಗೂ ಬೇಕಾಗುವುದಿಲ್ಲವೆಂದು ನನ್ನ ಅನುಭವ.

ಸಂಪಿಗೆ ಬರೆದದ್ದು:

ಧನ್ಯವಾದಗಳು. ಕಥೆಯನ್ನು ಕಥೆಯೆಂದೂ, 1802ರ ಗೋರಿಯನ್ನು ಗೋರಿಯೆಂದೂ ಬೇರೆಬೇರೆಯಾಗಿ ಬರೆಯಲು ಈಗ ಧೈರ್ಯ ಬಂದಿದೆ. ಆದರೆ ಪವಾಡಗಳ ಪರೀಕ್ಷೆ ಹೇಗೆ ನಡೆಯುತ್ತದೆ? ಅದು ಇಲ್ಲದೆ ಸಂತ ಪದವಿ ಸಾಧ್ಯವೇ ಇಲ್ಲವೇ?

ದವಾಖಾನೆ ಬರೆದದ್ದು:

ವೃತ್ತಿಯಿಂದ ವೈದ್ಯನಾದ್ದರಿಂದ ಇದನ್ನು ಆಸಕ್ತಿಯಿಂದ ಓದಿದವನು ನಾನು. ವ್ಯಾಟಿಕನ್ನಿನ ವೈದ್ಯಕೀಯ ಮಂಡಳಿಯನ್ನು ಯಾರೂ ‘ಇದು ಪವಾಡವೇ’ ಎಂದು ಕೇಳುವುದಿಲ್ಲ. ರೋಗ ನಿಜವಾಗಿ ಇತ್ತೇ, ಗುಣವಾದದ್ದು ಒಮ್ಮೆಲೇ, ಪೂರ್ಣವಾಗಿ, ಬಹುಕಾಲ ಉಳಿಯುವಂತೆ ಆಯಿತೇ, ಇಂದಿನ ವಿಜ್ಞಾನದಲ್ಲಿ ಅದಕ್ಕೆ ವಿವರಣೆ ಇದೆಯೇ ಎಂಬಷ್ಟೇ ಪ್ರಶ್ನೆ. 2016ರ ನಿಯಮದಂತೆ ಏಳು ಜನರ ಮಂಡಳಿಯಲ್ಲಿ ಐವರಾದರೂ ವಿವರಣೆಯಿಲ್ಲವೆಂದು ಒಪ್ಪಬೇಕು. ಆ ಮೇಲಿನ ತೀರ್ಮಾನ ದೈವಶಾಸ್ತ್ರಜ್ಞರಿಗೆ ಬಿಟ್ಟದ್ದು.

ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ, ಸಂಶಯವೂ ಇದೆ. ಮದರ್ ತೆರೇಸಾ ಅವರನ್ನು 2003ರಲ್ಲಿ ಧನ್ಯರೆಂದು ಘೋಷಿಸಲು ಆಧಾರವಾದ ಬಂಗಾಳದ ಮಹಿಳೆಯ ಪ್ರಸಂಗದಲ್ಲಿ, ಆಕೆಗೆ ಚಿಕಿತ್ಸೆ ನೀಡಿದ ಕೆಲವು ವೈದ್ಯರೇ ಗುಣವಾದದ್ದು ಔಷಧದಿಂದ ಎಂದು ಬಹಿರಂಗವಾಗಿ ಹೇಳಿದರು. ‘ಇಂದು ವಿವರಣೆಯಿಲ್ಲ’ ಎಂಬುದು ನಮ್ಮ ತಿಳಿವಳಿಕೆಯ ಗಡಿಯನ್ನು ಹೇಳುತ್ತದೆ. ಗಡಿ ಮುಂದೆ ಸರಿಯುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಕೋಲ್ಕತ್ತದ ಬೀದಿಯಿಂದ ಸಾಯುತ್ತಿರುವವರನ್ನು ಎತ್ತಿ ತಂದು ತೊಳೆದು ಮಲಗಿಸಿದ ದಶಕಗಳ ದುಡಿಮೆ, ಆ ಒಂದು ಪ್ರಸಂಗಕ್ಕಿಂತ ಗಟ್ಟಿ ಸಾಕ್ಷ್ಯ.

ಪವಾಡವಿಲ್ಲದೆ ಸಾಧ್ಯವೇ ಎಂಬುದಕ್ಕೆ ನಮ್ಮ ಕರಾವಳಿಗೆ ಸಂಬಂಧಿಸಿದ ಉದಾಹರಣೆಯೇ ಇದೆ. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ದುಡಿದ ಗೋವೆಯ ಗುರು ಜೋಸೆಫ್ ವಾಜ್ 1995ರಲ್ಲಿ ಧನ್ಯರಾದರು; ಎರಡನೆಯ ಪವಾಡದ ಅಗತ್ಯವನ್ನು ಜಗದ್ಗುರು ಫ್ರಾನ್ಸಿಸ್ ಕೈಬಿಟ್ಟು, 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಅವರನ್ನು ಸಂತರೆಂದು ಸಾರಿದರು. ಅವರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಹಳೆಯ ಕಡತ ಬರೆದದ್ದು:

ಅದಕ್ಕೆ ಮುನ್ನ ಸಂಪಿಗೆ ಅವರಿಗೆ ಒಂದು ಎಚ್ಚರಿಕೆಯ ಮಾತು. ಫಿಲೋಮಿನಾ ಅವರ ಕಥೆಗೆ ಆಧಾರವಿಲ್ಲ, ಇತರರ ಕಥೆಗಳಿಗೆ ಆಧಾರವಿದೆ ಎಂದು ಎರಡು ಗುಂಪು ಮಾಡಿಕೊಂಡು ನಿಶ್ಚಿಂತರಾಗುವಂತಿಲ್ಲ. ದಾಖಲೆಗಳು ಹೇರಳವಾಗಿರುವಲ್ಲಿಯೂ ಸಂತರ ಚರಿತ್ರೆಯನ್ನು ತಿದ್ದುವ ಕೈಗಳು ಕೆಲಸ ಮಾಡಿವೆ, ಬಹುಪಾಲು ಪ್ರೀತಿಯಿಂದ.

ಅಸ್ಸಿಸಿಯ ಫ್ರಾನ್ಸಿಸ್ 1226ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಎರಡು ವರ್ಷ ತುಂಬುವ ಮೊದಲೇ, 1228ರ ಜುಲೈನಲ್ಲಿ ಸಂತರೆಂದು ಘೋಷಿತರಾದರು. ಅವರನ್ನು ಬಲ್ಲವರು ಬದುಕಿದ್ದಾಗಲೇ ಚೆಲಾನೊದ ಥಾಮಸ್ ಅವರ ಜೀವನವನ್ನು ಬರೆದರು. ಆದರೆ ಬಡತನವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬುದರ ಮೇಲೆ ಅವರು ಕಟ್ಟಿದ ಸಂನ್ಯಾಸಿ ಸಂಘದೊಳಗೆ ಒಡಕು ಬೆಳೆದಾಗ, ಫ್ರಾನ್ಸಿಸರ ಒಂದೊಂದು ನುಡಿಯೂ ಒಂದೊಂದು ಪಕ್ಷದ ಆಯುಧವಾಯಿತು. ಸಂಘದ ಮುಖ್ಯಸ್ಥ ಬೊನವೆಂಚರ್ ಎಲ್ಲರೂ ಒಪ್ಪುವಂತಹ ಹೊಸ ಚರಿತ್ರೆಯನ್ನು ಬರೆದರು. 1266ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಮಹಾಸಭೆ ಹಿಂದಿನ ಚರಿತ್ರೆಗಳನ್ನೆಲ್ಲ ಅಳಿಸಿಹಾಕಲು ಆಜ್ಞಾಪಿಸಿತು. ಸಂಘದ ಹೊರಗಿನ ಮಠಗಳಲ್ಲಿ ಪ್ರತಿಗಳು ಉಳಿದದ್ದರಿಂದ ಹಳೆಯ ಫ್ರಾನ್ಸಿಸ್ ನಮಗೆ ಮತ್ತೆ ಸಿಕ್ಕರು.

ಫ್ರಾನ್ಸಿನ ಲಿಸ್ಯೂನ ತೆರೇಸಾ ಕಾಲದಲ್ಲಿ ಇನ್ನೂ ಹತ್ತಿರದವರು. 1897ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡ ಈ ಕಾರ್ಮೆಲ್ ಮಠದ ಕನ್ಯಾಸ್ತ್ರೀ ತನ್ನ ಬದುಕನ್ನು ನೋಟುಪುಸ್ತಕಗಳಲ್ಲಿ ತಾನೇ ಬರೆದಿಟ್ಟಿದ್ದರು. ಮರುವರ್ಷ ಅದು ಅಚ್ಚಾದಾಗ, ಅದೇ ಮಠದಲ್ಲಿದ್ದ ಅವರ ಒಡಹುಟ್ಟಿದ ಅಕ್ಕ ಮದರ್ ಅಗ್ನೆಸ್ ವಾಕ್ಯವಾಕ್ಯವನ್ನೂ ಹದಗೊಳಿಸಿದ್ದರು. ಭಾವಚಿತ್ರಗಳನ್ನು ಸಹ ನಯಗೊಳಿಸಿ ಹಂಚಲಾಯಿತು. ಮೂಲ ಬರಹ ಇದ್ದಂತೆ ಪ್ರಕಟವಾದದ್ದು 1956ರಲ್ಲಿ, ಅವರು ಸಂತರಾಗಿ ಮೂವತ್ತೊಂದು ವರ್ಷಗಳಾದ ಮೇಲೆ. 1896ರ ಪಾಸ್ಕ (ಈಸ್ಟರ್) ಹಬ್ಬದಿಂದ ಸಾಯುವವರೆಗೆ ಅವರನ್ನು ಕವಿದಿದ್ದ ಕತ್ತಲೆ, ಪರಲೋಕವೆಂಬುದು ಇದೆಯೇ ಎಂಬ ಒಳಗಿನ ಕೊರೆತ, ಅದರ ನಡುವೆಯೂ ಬಿಡದೆ ನಡೆಸಿದ ಪ್ರಾರ್ಥನೆ, ಇವೆಲ್ಲ ಮೂಲವನ್ನು ಓದಿದವರಿಗೆ ತುಂಬ ತೀಕ್ಷ್ಣವಾಗಿ ತಟ್ಟುತ್ತವೆ. ಗುಲಾಬಿ ಹಿಡಿದು ಮುಗುಳುನಗುವ ಪ್ರತಿಮೆಯಷ್ಟನ್ನೇ ಕಂಡು ಬೆಳೆದವರು ಆ ಪುಟಗಳನ್ನು ಓದಲೇಬೇಕು. ಇದೇ ಸಂತರ ಹೆಸರನ್ನು ತಮ್ಮದಾಗಿಸಿಕೊಂಡ ಮದರ್ ತೆರೇಸಾ ಸಹ ದಶಕಗಳ ಕಾಲ ಅಂತಹುದೇ ಕತ್ತಲಲ್ಲಿ ನಡೆದರೆಂಬುದು ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತಿಗೆ ತಿಳಿಯಿತು.

ನಯಗೊಳಿಸಿದವರು ಸಂತರನ್ನು ಕಾಪಾಡುತ್ತಿದ್ದೇವೆಂದು ನಂಬಿದ್ದರು. ಕಾಪಾಡಲು ಹೊರಟು ಅವರು ಮರೆಮಾಡಿದ್ದು ಸಂತರ ಅತ್ಯಂತ ಕಷ್ಟದ ದುಡಿಮೆಯನ್ನೇ ಎಂದು ನನಗನ್ನಿಸುತ್ತದೆ.

ಬಲ್ಮಠದ ಓದುಗ ಬರೆದದ್ದು:

ಹಳೆಯ ಕಡತ ಅವರ ಮಾತಿಗೆ ಪೂರಕವಾಗಿ, ಪ್ರೊಟೆಸ್ಟಂಟನಾದ ನಾನೇ ಹೇಳಬೇಕಾದ ಒಂದು ಪ್ರಸಂಗವಿದೆ.

ಬೆಲ್ಜಿಯಮ್ಮಿನ ಪಾದ್ರಿ ದಮಿಯನ್ 1873ರ ಮೇ ತಿಂಗಳಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನು ಸರಕಾರ ಹಿಡಿದು ತಂದು ಬಿಡುತ್ತಿದ್ದ ಜಾಗ ಅದು. ಒಂದು ಕಡೆ ಕಡಿದಾದ ಬಂಡೆಗೋಡೆ, ಮೂರು ಕಡೆ ಸಮುದ್ರ. ಅವರು ಮನೆಗಳನ್ನು ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಹುಣ್ಣು ತೊಳೆದರು, ಶವಪೆಟ್ಟಿಗೆ ಮಾಡಿದರು, ಗೋರಿ ತೋಡಿದರು. ತಮಗೂ ರೋಗ ತಗುಲಿ 1889ರ ಏಪ್ರಿಲ್ 15ರಂದು ತೀರಿಕೊಂಡರು. ಅವರು ಸತ್ತ ಕೆಲವೇ ತಿಂಗಳಲ್ಲಿ ಹೊನೊಲುಲುವಿನ ಪ್ರೊಟೆಸ್ಟಂಟ್ ಪಾದ್ರಿ ಹೈಡ್ ಒಂದು ಪತ್ರ ಬರೆದು, ದಮಿಯನ್ ಒರಟ, ಕೊಳಕ, ಹಟಮಾರಿ, ರೋಗ ಬಂದದ್ದು ಅವನ ದುರ್ನಡತೆಯಿಂದ ಎಂದರು. ಪತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಅದಕ್ಕೆ ಬಹಿರಂಗವಾಗಿ ಉತ್ತರ ಕೊಟ್ಟವರು ಕಥೋಲಿಕರಲ್ಲ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮನೆತನದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವರು ಮೊಲೊಕಾಯಿಗೆ ಹೋಗಿ ರೋಗಿಗಳ ಜೊತೆ ಮಾತಾಡಿ ಬಂದವರು. 1890ರ ಆ ಉತ್ತರದಲ್ಲಿ ಅವರು ದುರ್ನಡತೆಯ ಆರೋಪವನ್ನು ತಿರಸ್ಕರಿಸಿದರು. ಆದರೆ ಒರಟುತನ, ಕೊಳಕು, ಹಟ ಇವುಗಳನ್ನು ಅಲ್ಲಗಳೆಯಲಿಲ್ಲ. ಅವನ್ನೆಲ್ಲ ಒಪ್ಪಿಕೊಂಡೇ, ನಾವು ಯಾರೂ ಹೋಗದಿದ್ದಾಗ ಅವನು ಹೋದ ಎಂಬ ಅರ್ಥದ ಮಾತನ್ನು ತಮ್ಮವರ ಮುಖಕ್ಕೇ ಹೇಳಿದರು.

2009ರ ಅಕ್ಟೋಬರ್ 11ರಂದು ದಮಿಯನ್ ಸಂತರೆಂದು ಘೋಷಿತರಾದರು. ಅವರು ಸಂತರಲ್ಲವೆಂದು ಹೇಳುವ ಪ್ರೊಟೆಸ್ಟಂಟನನ್ನು ನಾನು ಕಂಡಿಲ್ಲ. ದಮಿಯನ್ ಬಲಿಪೂಜೆ ಅರ್ಪಿಸುತ್ತಿದ್ದ, ಸ್ವಂತ ಕೈಯಿಂದ ವಿಸ್ತರಿಸಿದ ಆ ಕಲವಾವೊ ದೇವಾಲಯ ಯಾರ ಹೆಸರಿನದು ಎಂದು ಹುಡುಕಿದೆ. ಸಂತ ಫಿಲೋಮಿನಾ. ಫ್ರಾನ್ಸಿನ ಆರ್ಸ್ ಹಳ್ಳಿಯ ಪಾದ್ರಿ ಜಾನ್ ವಿಯಾನ್ನಿ ಸಹ ತಮ್ಮಲ್ಲಿಗೆ ಬಂದವರು ಗುಣವಾದರೆ ಕೀರ್ತಿಯನ್ನು ಆಕೆಗೇ ಒಪ್ಪಿಸುತ್ತಿದ್ದರಂತೆ. ಅನುಸರಿಸಲು ಏನೂ ಇಲ್ಲ ಎಂದು ಮೇಲೆ ಬರೆದೆ. ನನ್ನ ದೈವಶಾಸ್ತ್ರ ಈಗಲೂ ಅದೇ. ಆದರೂ ಇಂತಹ ಇಬ್ಬರು ಆ ಹೆಸರಿನ ಆಸರೆಯಲ್ಲಿ ದುಡಿದರೆಂಬುದನ್ನು ನಾನು ಲಘುವಾಗಿ ಕಾಣಲಾರೆ.

ಗಂಗೊಳ್ಳಿ ತೀರ ಬರೆದದ್ದು:

ಜೋಸೆಫ್ ವಾಜ್ ಬಗ್ಗೆ ಬರೆಯುವವರು ಬಹುಮಟ್ಟಿಗೆ ಮಂಗಳೂರು ಬಳಿಯ ಮುಡಿಪು ಗುಡ್ಡದಿಂದ ಆರಂಭಿಸುತ್ತಾರೆ. ಕೊಲ್ಲಲೆಂದು ಮೋಸದಿಂದ ಕರೆದೊಯ್ದ ಜಾಗದಲ್ಲಿ ನೀರಿನ ಬುಗ್ಗೆಗಳು ಉಕ್ಕಿದವೆಂಬ ಕಥೆ ಅದು. ಆ ಕ್ಷೇತ್ರಕ್ಕೆ ಹೋಗುವವರ ಭಕ್ತಿಯಲ್ಲಿ ನಾನೂ ಪಾಲುಗೊಂಡಿದ್ದೇನೆ. ಆದರೂ ಸಂಪಿಗೆ ಅವರು ಅಲ್ಲಿಂದ ಶುರುಮಾಡಬಾರದೆಂದು ಕೋರುತ್ತೇನೆ, ಏಕೆಂದರೆ ಅದರಾಚೆಗಿನ ಬದುಕು ದಾಖಲೆಗಳಲ್ಲಿ ಚೆನ್ನಾಗಿ ಉಳಿದಿದೆ, ಓದುಗರಿಗೆ ತಿಳಿದಿರುವುದು ಮಾತ್ರ ಕಡಿಮೆ.

ಗೋವೆಯ ಬೆನಾವಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ವಾಜ್ 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಕೆನರಾಕ್ಕೆ ಬಂದಾಗ ಇಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ. ಆ ಮೂರು ವರ್ಷ ಅವರು ಮಂಗಳೂರು, ಬಸ್ರೂರು, ಕಲ್ಯಾಣಪುರ, ಕುಂದಾಪುರದ ಸುತ್ತ ಚದುರಿಹೋಗಿದ್ದ ಸಭೆಗಳನ್ನು ಕೂಡಿಸಿದರು. ಕಿರುಹೊತ್ತಿಗೆಗಳು ಬಿಟ್ಟುಬಿಡುವ ಸಂಗತಿಯೊಂದಿದೆ: ಆಗ ಕರಾವಳಿಯ ಕಥೋಲಿಕರ ಮೇಲೆ ಎರಡು ಅಧಿಕಾರಗಳು ಹಕ್ಕು ಹೇಳುತ್ತಿದ್ದವು. ಪೋರ್ಚುಗೀಸ್ ಆಶ್ರಯದ ಗೋವೆ ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಜನ ಇಬ್ಭಾಗವಾಗಿದ್ದರು. ಆ ಕಲಹದ ನಡುವೆಯೇ ವಾಜ್ ಕೆಲಸ ಮಾಡಬೇಕಾಯಿತು. ಬುಗ್ಗೆಯ ಕಥೆಗಿಂತ ಈ ಕಲಹವನ್ನು ಬರೆಯುವುದು ಕಷ್ಟ. ಆದರೆ ಧರ್ಮಸಭೆಯೊಳಗಿನ ಕಿತ್ತಾಟದಲ್ಲಿ ಬೇಸತ್ತ ಓದುಗರಿಗೆ ಇದರಿಂದ ಉಪಯೋಗ ಹೆಚ್ಚು.

ಯುರೋಪಿನ ಸಂನ್ಯಾಸಿ ಸಂಘಗಳು ಗೋವೆಯ ಸ್ಥಳೀಯರನ್ನು ಬಹುಮಟ್ಟಿಗೆ ಸೇರಿಸಿಕೊಳ್ಳದಿದ್ದ ಕಾಲ ಅದು. ಹಿಂದಿರುಗಿದ ವಾಜ್ 1685ರಲ್ಲಿ ಗೋವೆಯ ಗುರುಗಳೇ ಕೂಡಿದ್ದ ಸಂಘವೊಂದಕ್ಕೆ ಭದ್ರ ರೂಪ ಕೊಟ್ಟರು. 1687ರಲ್ಲಿ ಸಿಂಹಳಕ್ಕೆ (ಇಂದಿನ ಶ್ರೀಲಂಕಾಕ್ಕೆ) ಹೋದರು. ಅಲ್ಲಿ ಡಚ್ಚರು 1658ರಿಂದ ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. ಅಡಗಿಸಿಟ್ಟವರಿಗೆ ಘೋರ ಶಿಕ್ಷೆಯಿತ್ತು. ವಾಜ್ ಭಿಕ್ಷುಕನ ವೇಷದಲ್ಲಿ ಯಾಳ್ಪಾಣದ (ಜಾಫ್ನಾದ) ಮನೆಮನೆಗೆ ಹೋಗಿ, ಕೊರಳಿನ ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳುತ್ತದೆಂದು ನೋಡಿ ವಿಶ್ವಾಸಿಗಳನ್ನು ಗುರುತಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಯಾದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಕ್ರಮೇಣ ಅವರನ್ನು ನಂಬಿದ, ಸ್ವತಂತ್ರವಾಗಿ ಓಡಾಡಲು ಬಿಟ್ಟ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಉಳ್ಳವರು ಊರು ಬಿಟ್ಟರು, ರೋಗಿಗಳನ್ನು ಕಾಡಿಗಟ್ಟಿದರು. ವಾಜ್ ತಮ್ಮ ಸೋದರಳಿಯನಾದ ಗುರುವಿನೊಡನೆ ಉಳಿದು, ಕ್ರೈಸ್ತರೆಂದೂ ಬೌದ್ಧರೆಂದೂ ನೋಡದೆ ರೋಗಿಗಳಿಗೆ ಗುಡಿಸಲು ಹಾಕಿದರು, ಉಣಿಸಿದರು, ಸತ್ತವರನ್ನು ಹೂಳಿದರು. ಸಂಪಿಗೆ ಅವರೇ, ನಿಮ್ಮ ಬರಹದ ನಡುಮಧ್ಯ ಈ ವರ್ಷವಿರಲಿ. ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ಗೋವೆಗೆ ಮರಳಲಿಲ್ಲ.

ಇನ್ನೊಂದು ಕೋರಿಕೆ ಇದೆ. ಸಿಂಹಳಕ್ಕೆಂದು ಗೋವೆಯಿಂದ ವಾಜ್ ಜೊತೆ ಹೊರಟ ಜಾನ್ ಎಂಬ ಸೇವಕನೊಬ್ಬನಿದ್ದ. ಅದೇ ಹಸಿವು, ಅದೇ ವೇಷ, ಸಿಕ್ಕಿಬಿದ್ದರೆ ಅದೇ ಶಿಕ್ಷೆ. ಅವನ ಹೆಸರಿನಲ್ಲಿ ಕಡತ ತೆರೆದಿಲ್ಲ, ಹಬ್ಬವೂ ಇಲ್ಲ. ಧರ್ಮೋಪದೇಶಿಯವರು ನವೆಂಬರ್ 1ರ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದವನು ಅವನು. ಮುಂದಿನ ಸಂಚಿಕೆಯಲ್ಲಿ ಜಾಗದ ಅಭಾವವಿದ್ದರೆ ಮುಡಿಪಿನ ಬುಗ್ಗೆಯನ್ನು ಒಂದು ಸಾಲಿಗೆ ಇಳಿಸಿ, ಜಾನ್‌ಗೆ ಎರಡು ಸಾಲು ಕೊಡಿ.